ಹಿಮನಾಡಿನ ತಾಯಿಹಾಲು

(ಪರಿಸರ ಅಧ್ಯಯನ ಶಿಬಿರದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ಮಂಡಿಸಿದ ಉಪನ್ಯಾಸದ ಪಠ್ಯ)



ಭೂಮಿಯ ಮೇಲೆ ಕಲ್ಮಶ ಸೋಕದ ನೆಲ ಯಾವುದೆಂದು ಕೇಳಿದರೆ ಬಹುಜನರ ಮನಸ್ಸಿಗೆ ಮೊದಲು ಬರುವುದು ಧ್ರುವ ಪ್ರದೇಶ. ಅಲ್ಲಿ ದೊಡ್ಡ ನಗರಗಳಿಲ್ಲ, ಕೀಟನಾಶಕ ಬೇಡುವ ಹೊಲಗಳಿಲ್ಲ, ಹೊಗೆ ಕಾರುವ ಚಿಮಣಿಗಳ ಸಾಲಿಲ್ಲ. 1980ರ ದಶಕದಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಆರೋಗ್ಯ ಸಂಶೋಧಕರೂ ಹೀಗೆಯೇ ಭಾವಿಸಿದ್ದರು. ಕೈಗಾರಿಕೆಗಳಿರುವ ದಕ್ಷಿಣದ ಪಟ್ಟಣಗಳಲ್ಲಿ ತಾಯಂದಿರ ಎದೆಹಾಲಿನಲ್ಲಿ ಎಷ್ಟು ವಿಷಾಂಶವಿದೆ ಎಂದು ಅವರು ಅಳೆಯುತ್ತಿದ್ದರು. ಹೋಲಿಕೆಗೆ ಶುದ್ಧವಾದ ಮಾದರಿಯೊಂದು ಬೇಕಾಗಿತ್ತು. ಅದಕ್ಕಾಗಿ ಉತ್ತರದ ಹಡ್ಸನ್ ಕೊಲ್ಲಿಯ ತೀರದಲ್ಲಿ ವಾಸಿಸುವ ಇನ್ಯೂಟ್ ಜನಾಂಗದ ತಾಯಂದಿರ ಹಾಲನ್ನು ಪರೀಕ್ಷೆಗೆ ತರಿಸಿದರು.

ಪ್ರಯೋಗಾಲಯದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಶುದ್ಧವೆಂದು ನಂಬಿದ್ದ ಆ ಹಾಲಿನಲ್ಲಿ ಪಿಸಿಬಿ ಎಂಬ ರಾಸಾಯನಿಕದ ಪ್ರಮಾಣ ದಕ್ಷಿಣದ ತಾಯಂದಿರ ಹಾಲಿನಲ್ಲಿದ್ದುದಕ್ಕಿಂತ ಸುಮಾರು ಐದು ಪಟ್ಟು ಹೆಚ್ಚಾಗಿತ್ತು. ಪಿಸಿಬಿ ಎಂಬುದು ವಿದ್ಯುತ್ ಪರಿವರ್ತಕಗಳ ಎಣ್ಣೆಯಲ್ಲಿ ಬಳಸುತ್ತಿದ್ದ ವಸ್ತು. ಇನ್ಯೂಟರು ಅದನ್ನು ತಯಾರಿಸಿದವರಲ್ಲ, ಮಾರಿದವರಲ್ಲ, ಅದರ ಹೆಸರನ್ನೂ ಕೇಳಿದವರಲ್ಲ. ಆದರೂ ಅದು ಅವರ ಕೂಸುಗಳ ಬಾಯಿಗೆ ಬಂದು ಸೇರಿತ್ತು. ಧ್ರುವ ಪ್ರದೇಶದ ರಕ್ಷಣೆಗೆ ರಾಷ್ಟ್ರಗಳು ಒಟ್ಟಾಗಿ ನಡೆಸಿದ ಪ್ರಯತ್ನದ ಕಥೆಯನ್ನು ಹೇಳಬೇಕಾದರೆ ಈ ಹಾಲಿನಿಂದಲೇ ಆರಂಭಿಸುವುದು ಉಚಿತ.

ಸಾವಿರಾರು ಮೈಲಿ ದೂರದ ವಿಷ ಹಿಮನಾಡಿಗೆ ತಲುಪಿದ್ದು ಹೇಗೆ? ಅನ್ನ ಬೇಯುವ ಪಾತ್ರೆಯ ಮುಚ್ಚಳವನ್ನು ನೆನಪಿಸಿಕೊಂಡರೆ ಸಾಕು. ಕೆಳಗಿನ ಬಿಸಿಗೆ ನೀರು ಆವಿಯಾಗಿ ಏಳುತ್ತದೆ, ತಣ್ಣನೆಯ ಮುಚ್ಚಳಕ್ಕೆ ತಾಗಿ ಮತ್ತೆ ಹನಿಯಾಗುತ್ತದೆ. ಕೆಲವು ರಾಸಾಯನಿಕಗಳ ಸ್ವಭಾವವೂ ಹೀಗೆಯೇ. ಬಿಸಿಲ ನಾಡಿನ ಹೊಲದಿಂದ, ಗೋದಾಮಿನಿಂದ, ಕಸದ ಗುಂಡಿಯಿಂದ ಅವು ಆವಿಯಾಗಿ ಮೇಲೇಳುತ್ತವೆ. ಗಾಳಿಯೊಡನೆ ಸಾಗಿ ತಂಪಾದ ಕಡೆ ನೆಲಕ್ಕಿಳಿಯುತ್ತವೆ. ಬೇಸಿಗೆ ಬಂದಾಗ ಮತ್ತೆ ಎದ್ದು ಇನ್ನಷ್ಟು ಉತ್ತರಕ್ಕೆ ಸರಿಯುತ್ತವೆ. ಮಿಡತೆಯಂತೆ ಜಿಗಿಯುತ್ತಾ ಸಾಗುವ ಈ ಪಯಣ ಕೊನೆಗೊಳ್ಳುವುದು ಮತ್ತೆ ಏಳಲಾಗದಷ್ಟು ಚಳಿಯಿರುವ ಧ್ರುವದಲ್ಲಿ. ಬಿಸಿಲೂ ಸೂಕ್ಷ್ಮಜೀವಿಗಳ ಚಟುವಟಿಕೆಯೂ ಕಡಿಮೆಯಿರುವ ಆ ನಾಡಿನಲ್ಲಿ ಅವು ಬೇಗ ಕರಗುವುದೂ ಇಲ್ಲ.

ಎರಡನೆಯ ಹಂತ ಆಹಾರ ಸರಪಳಿಯದು. ಈ ವಿಷಗಳು ನೀರಿನಲ್ಲಿ ಕರಗುವುದು ಅತ್ಯಲ್ಪ. ಕೊಬ್ಬಿನಲ್ಲಿ ಮಾತ್ರ ಭದ್ರವಾಗಿ ನೆಲೆಸುತ್ತವೆ. ಕಡಲಿನ ಸೂಕ್ಷ್ಮ ಸಸ್ಯ ಹಾಗೂ ಪ್ರಾಣಿಗಳನ್ನು ಸಣ್ಣ ಮೀನು ತಿನ್ನುತ್ತದೆ, ಅದನ್ನು ದೊಡ್ಡ ಮೀನು, ದೊಡ್ಡ ಮೀನನ್ನು ಸೀಲ್ ಎಂಬ ಕಡಲಪ್ರಾಣಿ, ಸೀಲನ್ನು ಹಿಮಕರಡಿ ಹಾಗೂ ಮನುಷ್ಯ. ಒಂದೊಂದು ಮೆಟ್ಟಿಲು ಏರಿದಂತೆ ವಿಷ ಸಾಂದ್ರವಾಗುತ್ತ ಹೋಗುತ್ತದೆ. ಚಳಿಯಲ್ಲಿ ಬದುಕಲು ಕೊಬ್ಬು ಬೇಕೇಬೇಕಾದ ನಾಡಿನಲ್ಲಿ ವಿಷವೂ ಕೊಬ್ಬನ್ನೇ ಮನೆಯಾಗಿ ಆರಿಸಿಕೊಂಡದ್ದು ದುರಂತ. ಎದೆಹಾಲಿನಲ್ಲಿಯೂ ಕೊಬ್ಬಿದೆ.

ಹಾಗಾದರೆ ಸೀಲ್ ಮಾಂಸ ಬಿಡಿ, ಅಂಗಡಿಯ ಆಹಾರ ತಿನ್ನಿ ಎಂದು ಹೇಳಬಹುದೇ? ವಿಮಾನದಲ್ಲಿಯೋ ಹಡಗಿನಲ್ಲಿಯೋ ಬರುವ ಆ ಆಹಾರದ ಬೆಲೆ ವಿಪರೀತ, ಪೌಷ್ಟಿಕತೆಯೂ ಕಡಿಮೆ. ಬೇಟೆ ಎಂಬುದು ಇನ್ಯೂಟರಿಗೆ ಊಟದ ದಾರಿಯಷ್ಟೇ ಆಗಿರಲಿಲ್ಲ. ಹಂಚಿ ತಿನ್ನುವ ರೂಢಿ, ಮಕ್ಕಳಿಗೆ ಹಿಮದ ಗುಣ ಕಲಿಸುವ ವಿದ್ಯೆ, ನೆರೆಹೊರೆಯ ಸಂಬಂಧ, ಎಲ್ಲವೂ ಅದರಲ್ಲಿಯೇ ಹೆಣೆದುಕೊಂಡಿದ್ದವು. ಎದೆಹಾಲಿನ ಪ್ರಯೋಜನವನ್ನು ಅಪಾಯದೊಡನೆ ತೂಗಿನೋಡಿದ ವೈದ್ಯರು ಹಾಲೂಡಿಸುವುದನ್ನು ನಿಲ್ಲಿಸಬಾರದೆಂದೇ ತಾಯಂದಿರಿಗೆ ಸಲಹೆ ನೀಡಿದರು. ಪರಿಹಾರ ಇನ್ಯೂಟರ ಅಡುಗೆಮನೆಯಲ್ಲಿ ಇರಲಿಲ್ಲ. ವಿಷ ಹುಟ್ಟುವ ದೂರದ ದೇಶಗಳಲ್ಲಿಯೇ ಅದನ್ನು ತಡೆಯಬೇಕಿತ್ತು. ಅದು ಯಾವ ಒಂದು ದೇಶದ ಕೈಯಲ್ಲಿಯೂ ಇರಲಿಲ್ಲ.

ಆ ಕಾಲದಲ್ಲಿ ಉತ್ತರ ಧ್ರುವ ವಲಯವಾದ ಆರ್ಕ್ಟಿಕ್ ಸಹಕಾರದ ನೆಲವೂ ಆಗಿರಲಿಲ್ಲ. ಶೀತಲ ಸಮರದ ಕಾಲದಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ಜಲಾಂತರ್ಗಾಮಿಗಳು ಅಲ್ಲಿಯ ಹಿಮದಡಿಯಲ್ಲಿ ಪರಸ್ಪರ ಹೊಂಚುಹಾಕಿದ್ದವು. 1987ರ ಅಕ್ಟೋಬರ್ 1ರಂದು ಸೋವಿಯತ್ ನಾಯಕ ಮಿಖಾಯಿಲ್ ಗೋರ್ಬಚೇವ್ ಮುರ್ಮನ್‌ಸ್ಕ್ ನಗರದಲ್ಲಿ ಮಾಡಿದ ಭಾಷಣದಲ್ಲಿ ಆ ವಲಯವನ್ನು ಶಾಂತಿಯ ನೆಲೆಯಾಗಿಸೋಣ, ಪರಿಸರ ರಕ್ಷಣೆಯಲ್ಲಿ ಕೈಜೋಡಿಸೋಣ ಎಂಬ ಆಶಯ ಮುಂದಿಟ್ಟರು. ಫಿನ್ಲೆಂಡ್ ಆ ಎಳೆಯನ್ನು ಹಿಡಿದು ಮುಂದುವರಿಸಿತು. 1991ರ ಜೂನ್ ತಿಂಗಳಲ್ಲಿ ಅಲ್ಲಿನ ರೊವಾನಿಯೆಮಿ ಪಟ್ಟಣದಲ್ಲಿ ಎಂಟು ದೇಶಗಳು ಆರ್ಕ್ಟಿಕ್ ಪರಿಸರ ರಕ್ಷಣಾ ಕಾರ್ಯತಂತ್ರಕ್ಕೆ ಒಪ್ಪಿದವು. ಕೆನಡಾ, ಡೆನ್ಮಾರ್ಕ್, ಫಿನ್ಲೆಂಡ್, ಐಸ್‌ಲೆಂಡ್, ನಾರ್ವೆ, ಸ್ವೀಡನ್, ಅಮೆರಿಕ ಹಾಗೂ ಸೋವಿಯತ್ ಒಕ್ಕೂಟ ಆ ಎಂಟು ದೇಶಗಳು. ಆ ಕಾರ್ಯತಂತ್ರದ ಅತಿ ಮುಖ್ಯ ಫಲವೆಂದರೆ ಮಾಲಿನ್ಯವನ್ನು ಎಲ್ಲ ದೇಶಗಳೂ ಒಂದೇ ಕ್ರಮದಲ್ಲಿ ಅಳೆದು ವರದಿ ಮಾಡುವ ಜಂಟಿ ವ್ಯವಸ್ಥೆ. ಗಾಳಿ, ಹಿಮ, ಮೀನು, ಹಿಮಕರಡಿಯ ಕೊಬ್ಬು, ಮನುಷ್ಯರ ರಕ್ತ, ಇವೆಲ್ಲದರ ಲೆಕ್ಕ ಒಂದೇ ಪುಸ್ತಕಕ್ಕೆ ಬಂತು. 1997ರಲ್ಲಿ ಅದರ ಮೊದಲ ದೊಡ್ಡ ವರದಿ ಪ್ರಕಟವಾದಾಗ, ಹಿಮನಾಡಿನ ವಿಷದ ಬಹುಪಾಲು ಹೊರಗಿನಿಂದ ಬಂದದ್ದೆಂಬ ಮಾತು ಆರೋಪವಾಗಿ ಉಳಿಯದೆ ಪುರಾವೆಯಾಯಿತು.

1996ರ ಸೆಪ್ಟೆಂಬರ್ 19ರಂದು ಕೆನಡಾದ ಒಟ್ಟಾವಾದಲ್ಲಿ ಇದೇ ಎಂಟು ದೇಶಗಳು, ಸೋವಿಯತ್ ಒಕ್ಕೂಟದ ಸ್ಥಾನದಲ್ಲಿ ರಷ್ಯಾ, ಆರ್ಕ್ಟಿಕ್ ಮಂಡಳಿಯನ್ನು ಸ್ಥಾಪಿಸಿದವು. ಪರಿಸರ ರಕ್ಷಣೆ ಹಾಗೂ ಸುಸ್ಥಿರ ಅಭಿವೃದ್ಧಿ, ಇವೆರಡೂ ಅದರ ಕಾರ್ಯಕ್ಷೇತ್ರ. ಸೇನಾ ವಿಷಯಗಳನ್ನು ಆರಂಭದಲ್ಲಿಯೇ ಹೊರಗಿಡಲಾಯಿತು. ಮಂಡಳಿಯ ರಚನೆಯಲ್ಲಿ ಮಲೆನಾಡಿನ ಜನ ಗಮನಿಸಬೇಕಾದ ಒಂದು ಅಂಶವಿದೆ. ಎಂಟು ದೇಶಗಳ ಪ್ರತಿನಿಧಿಗಳು ಕೂರುವ ಮೇಜಿನಲ್ಲಿಯೇ ಮೂಲನಿವಾಸಿಗಳ ಸಂಘಟನೆಗಳಿಗೂ ಕಾಯಂ ಸಹಭಾಗಿಗಳೆಂಬ ಹೆಸರಿನಲ್ಲಿ ಕುರ್ಚಿಗಳಿವೆ. ಇನ್ಯೂಟ್, ಸಾಮಿ, ಅಲಿಯೂಟ್, ಗ್ವಿಚಿನ್, ಅಥಬಾಸ್ಕನ್ ಜನಾಂಗಗಳ ಹಾಗೂ ರಷ್ಯಾದ ಉತ್ತರದ ಸಣ್ಣ ಜನಾಂಗಗಳ ಆರು ಸಂಘಟನೆಗಳು ಇಂದು ಅಲ್ಲಿ ಕೂರುತ್ತವೆ. ಅಂತಿಮ ನಿರ್ಧಾರ ದೇಶಗಳ ಒಮ್ಮತದ್ದೇ ಆದರೂ, ಈ ಸಂಘಟನೆಗಳೊಡನೆ ಪೂರ್ಣ ಸಮಾಲೋಚನೆ ನಡೆಸುವುದು ಕಡ್ಡಾಯ. 2013ರಿಂದ ವೀಕ್ಷಕ ರಾಷ್ಟ್ರವಾಗಿರುವ ಭಾರತವಾಗಲಿ, ಚೀನಾವಾಗಲಿ ಆ ಮೇಜಿನ ಹಿಂದಿನ ಸಾಲಿನಲ್ಲಿ ಕೂರುತ್ತವೆ. ಹಿಮಸಾರಂಗ ಮೇಯಿಸುವ ಸಾಮಿ ಜನರ ಪ್ರತಿನಿಧಿ ಮುಂದಿನ ಸಾಲಿನಲ್ಲಿ ಕೂರುತ್ತಾರೆ.

ಆ ಕುರ್ಚಿಯಿಂದ ಏನಾದರೂ ಪ್ರಯೋಜನವಾಯಿತೇ ಎಂದು ಕೇಳುವುದು ನ್ಯಾಯ. ಜಗತ್ತಿನ ದೇಶಗಳು ಇಂಥ ವಿಷಗಳ ನಿಷೇಧಕ್ಕಾಗಿ ಒಡಂಬಡಿಕೆಯೊಂದನ್ನು ರೂಪಿಸಲು 1998ರಲ್ಲಿ ಮಾತುಕತೆ ಆರಂಭಿಸಿದವು. ಈ ವಿಷಗಳಿಗೆ ಚಿರಸ್ಥಾಯಿ ಸಾವಯವ ಮಾಲಿನ್ಯಕಾರಕಗಳೆಂದು ಹೆಸರು. ಇಲ್ಲಿ ಸಾವಯವ ಎಂದರೆ ಇಂಗಾಲವನ್ನು ಆಧರಿಸಿದ್ದು ಎಂದಷ್ಟೇ ಅರ್ಥ. ರೈತರು ಹೇಳುವ ಸಾವಯವ ಗೊಬ್ಬರಕ್ಕೂ ಇದಕ್ಕೂ ಸಂಬಂಧವಿಲ್ಲ. ಮಾತುಕತೆಗೆ ಇನ್ಯೂಟರ ಪರವಾಗಿ ಹೋದವರಲ್ಲಿ ಶೀಲಾ ವಾಟ್ ಕ್ಲೂಟಿಯೇ ಎಂಬ ಮಹಿಳೆ ಪ್ರಮುಖರು. ತಾಯಿ ಮಗುವಿನ ಒಂದು ಇನ್ಯೂಟ್ ಶಿಲ್ಪವನ್ನು ಅವರು ಉಡುಗೊರೆಯಾಗಿ ನೀಡಿದರು. ಮಾತುಕತೆಯ ಅಧ್ಯಕ್ಷರ ಮೇಜಿನ ಮೇಲೆ ಆ ಶಿಲ್ಪ ಕುಳಿತಿತು. ಪ್ರಮಾಣ, ಅವಧಿ, ವಿನಾಯಿತಿ ಎಂದು ವಾದಿಸುತ್ತಿದ್ದ ಪ್ರತಿನಿಧಿಗಳ ಕಣ್ಣೆದುರಿಗೆ ವಿಷಯದ ತಿರುಳು ಸದಾ ಇತ್ತು.

ಅದೇ ಮಾತುಕತೆಯಲ್ಲಿ ಇನ್ನೊಂದು ಪರೀಕ್ಷೆಯೂ ಎದುರಾಯಿತು. ಪಟ್ಟಿಯಲ್ಲಿದ್ದ ವಿಷಗಳಲ್ಲಿ ಡಿಡಿಟಿಯೂ ಒಂದು. ಆಫ್ರಿಕಾ ಮತ್ತು ಏಷ್ಯಾದ ಅನೇಕ ದೇಶಗಳು ಮಲೇರಿಯಾ ಸೊಳ್ಳೆಯನ್ನು ತಡೆಯಲು ಅದನ್ನೇ ಅವಲಂಬಿಸಿದ್ದವು. ಉತ್ತರದ ಮಗುವನ್ನು ಉಳಿಸಲು ದಕ್ಷಿಣದ ಮಗುವನ್ನು ಜ್ವರಕ್ಕೆ ಬಿಟ್ಟುಕೊಡುವ ಒಪ್ಪಂದ ತಮಗೆ ಬೇಡವೆಂಬ ನಿಲುವನ್ನು ಇನ್ಯೂಟ್ ಪ್ರತಿನಿಧಿಗಳು ತಳೆದರು. ಕೊನೆಗೆ ರೋಗವಾಹಕ ಕೀಟಗಳ ನಿಯಂತ್ರಣಕ್ಕೆ ಡಿಡಿಟಿಯ ಸೀಮಿತ ಬಳಕೆಗೆ ಅವಕಾಶವಿಟ್ಟು, ಹನ್ನೆರಡು ವಿಷಗಳನ್ನು ಒಳಗೊಂಡ ಒಡಂಬಡಿಕೆ ಸಿದ್ಧವಾಯಿತು. 2001ರ ಮೇ ತಿಂಗಳಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಅದಕ್ಕೆ ಸಹಿಯಾಯಿತು. 2004ರ ಮೇ 17ರಂದು ಜಾರಿಗೆ ಬಂತು. ಆರ್ಕ್ಟಿಕ್ ಜೀವಸಂಕುಲ ಹಾಗೂ ಅಲ್ಲಿಯ ಮೂಲನಿವಾಸಿಗಳಿಗೆ ಒದಗಿರುವ ವಿಶೇಷ ಅಪಾಯವನ್ನು ಅದರ ಪ್ರಸ್ತಾವನೆಯಲ್ಲಿಯೇ ಬರೆಯಲಾಗಿದೆ. ಜಗತ್ತಿನಾದ್ಯಂತ ಅನ್ವಯಿಸುವ ಕಾನೂನಿನ ಮೊದಲ ಪುಟದಲ್ಲಿ ಹಿಮನಾಡಿನ ಜನರ ಸಂಕಟ ದಾಖಲಾಯಿತು.

ಈ ಒಡಂಬಡಿಕೆಗೆ ಕರಾವಳಿ ಮತ್ತು ಮಲೆನಾಡಿನ ಜನರ ಜೀವನದೊಡನೆ ನೇರ ಸಂಬಂಧವಿದೆ. ಕಾಸರಗೋಡು ಜಿಲ್ಲೆಯ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯ ಸುತ್ತಮುತ್ತಲೂ ಅದೇ ಸಿಂಪಡಣೆ ನಡೆಯಿತು. ಅಲ್ಲಿ ಅಂಗವಿಕಲರಾಗಿ ಹುಟ್ಟಿದ ಮಕ್ಕಳನ್ನು ಹೊತ್ತು ಬದುಕಿದ ತಾಯಂದಿರ ಬವಣೆ ಇಲ್ಲಿರುವ ಅನೇಕರಿಗೆ ಗೊತ್ತಿದೆ. ಕಾಸರಗೋಡಿನ ಪಡ್ರೆ ಗ್ರಾಮದಲ್ಲಿ ಡಾ. ಮೋಹನ ಕುಮಾರ್ ಅವರು ತಮ್ಮ ರೋಗಿಗಳಲ್ಲಿ ಕಂಡ ವಿಚಿತ್ರ ಕಾಯಿಲೆಗಳನ್ನು ಗಮನಿಸಿ ದನಿಯೆತ್ತಿದರು. ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ತಿಳಿಸಿದರು.

2007ರಲ್ಲಿ ಎಂಡೋಸಲ್ಫಾನನ್ನೂ ಸ್ಟಾಕ್‌ಹೋಮ್ ಪಟ್ಟಿಗೆ ಸೇರಿಸಬೇಕೆಂದು ಐರೋಪ್ಯ ಒಕ್ಕೂಟ ಪ್ರಸ್ತಾಪಿಸಿತು. ಇಲ್ಲಿ ಒಡಂಬಡಿಕೆಯ ಒಂದು ನಿಯಮ ಕೆಲಸಕ್ಕೆ ಬಂತು. ಒಂದು ರಾಸಾಯನಿಕ ಪಟ್ಟಿಗೆ ಸೇರಬೇಕಾದರೆ ಅದು ಬಳಸಿದ ಊರಿನಲ್ಲಿ ಹಾನಿ ಮಾಡುತ್ತದೆಂದು ತೋರಿಸಿದರೆ ಸಾಲದು. ದೂರ ಪ್ರಯಾಣಿಸುತ್ತದೆಂದೂ ತೋರಿಸಬೇಕು. ಆ ಸಾಕ್ಷ್ಯ ದೊರೆತದ್ದು ಆರ್ಕ್ಟಿಕ್‌ನಿಂದ. ಯಾರೂ ಎಂದೂ ಎಂಡೋಸಲ್ಫಾನ್ ಸಿಂಪಡಿಸದ ಹಿಮನಾಡಿನ ಗಾಳಿಯಲ್ಲಿ, ಹಿಮದಲ್ಲಿ, ಪ್ರಾಣಿಗಳ ದೇಹದಲ್ಲಿ ಅದು ಪತ್ತೆಯಾಗಿತ್ತು. ಅದು ಯಾವುದೋ ಒಂದು ಊರಿನ ತೋಟದಿಂದ ಹೋದದ್ದಲ್ಲ, ಅನೇಕ ದೇಶಗಳ ಹೊಲಗಳಿಂದ ಎದ್ದು ಬೆರೆತು ಹೋದದ್ದು. ಭಾರತ ಸರ್ಕಾರ ಬಹುಕಾಲ ಈ ಸೇರ್ಪಡೆಯನ್ನು ವಿರೋಧಿಸಿತು. 2011ರ ಏಪ್ರಿಲ್ ತಿಂಗಳಲ್ಲಿ ಜಿನೀವಾದ ಸಭೆಯಲ್ಲಿ, ಕೆಲವು ವಿನಾಯಿತಿಗಳೊಡನೆ, ಎಂಡೋಸಲ್ಫಾನ್ ಜಾಗತಿಕ ನಿಷೇಧದ ಪಟ್ಟಿಗೆ ಸೇರಿತು. ಮರುತಿಂಗಳು, ಮೇ 13ರಂದು, ಭಾರತದ ಸುಪ್ರೀಂ ಕೋರ್ಟ್ ಅದರ ಉತ್ಪಾದನೆ, ಮಾರಾಟ ಮತ್ತು ಬಳಕೆಯನ್ನು ತಡೆಹಿಡಿಯಿತು. ಪಡ್ರೆಯ ತಾಯಿಯೂ ಹಡ್ಸನ್ ಕೊಲ್ಲಿಯ ತಾಯಿಯೂ ಪರಸ್ಪರ ಮುಖ ಕಂಡವರಲ್ಲ. ಆದರೆ ಒಬ್ಬರ ಮೊಕದ್ದಮೆಗೆ ಇನ್ನೊಬ್ಬರ ನಾಡು ಸಾಕ್ಷಿ ನುಡಿಯಿತು.

ಇನ್ನು ದಕ್ಷಿಣ ಧ್ರುವದ ಕಡೆ ನೋಡಬಹುದು. ಅಂಟಾರ್ಕ್ಟಿಕಾದಲ್ಲಿ ಮೂಲನಿವಾಸಿಗಳೇ ಇಲ್ಲ. ಅದರ ಪರವಾಗಿ ಮೇಜಿನಲ್ಲಿ ಕೂರಬಲ್ಲ ತಾಯಿಯಿಲ್ಲ. 1959ರ ಡಿಸೆಂಬರ್ 1ರಂದು ವಾಷಿಂಗ್‌ಟನ್‌ನಲ್ಲಿ ಹನ್ನೆರಡು ದೇಶಗಳು ಸಹಿ ಹಾಕಿದ ಅಂಟಾರ್ಕ್ಟಿಕ್ ಒಪ್ಪಂದ ಆ ಖಂಡವನ್ನು ಶಾಂತಿಗೂ ವಿಜ್ಞಾನಕ್ಕೂ ಮೀಸಲಿಟ್ಟಿತು. ಆದರೆ ಗಣಿಗಾರಿಕೆಯ ಬಗ್ಗೆ ಅದು ಮೌನವಾಗಿತ್ತು. 1988ರಲ್ಲಿ ಆ ದೇಶಗಳು ವರ್ಷಗಟ್ಟಲೆ ಚರ್ಚಿಸಿ, ನಿಯಮಬದ್ಧವಾಗಿ ಗಣಿಗಾರಿಕೆ ನಡೆಸಲು ದಾರಿ ತೆರೆಯುವ ಒಪ್ಪಂದವೊಂದನ್ನು ಸಿದ್ಧಪಡಿಸಿದವು. ಮರುವರ್ಷ ಆಸ್ಟ್ರೇಲಿಯಾ ಮತ್ತು ಫ್ರಾನ್ಸ್ ಅದಕ್ಕೆ ಒಪ್ಪಿಗೆ ನಿರಾಕರಿಸಿದವು. ಒಪ್ಪಂದ ಬಿದ್ದುಹೋಯಿತು. ಅದರ ಸ್ಥಾನದಲ್ಲಿ 1991ರ ಅಕ್ಟೋಬರ್ 4ರಂದು ಮ್ಯಾಡ್ರಿಡ್‌ನಲ್ಲಿ ಪರಿಸರ ರಕ್ಷಣೆಯ ಒಡಂಬಡಿಕೆ ಬಂತು, 1998ರಿಂದ ಜಾರಿಯಲ್ಲಿದೆ. ವೈಜ್ಞಾನಿಕ ಸಂಶೋಧನೆಯ ಹೊರತು ಖನಿಜಕ್ಕಾಗಿ ಅಲ್ಲಿ ಯಾರೂ ನೆಲ ಮುಟ್ಟುವಂತಿಲ್ಲ. ಹೊರಗಿನ ಜೀವಿ ಎಂಬ ಕಾರಣಕ್ಕೆ ಜಾರುಬಂಡಿ ಎಳೆಯುತ್ತಿದ್ದ ನಾಯಿಗಳನ್ನೂ 1994ರ ಏಪ್ರಿಲ್‌ನೊಳಗೆ ಆ ಖಂಡದಿಂದ ಹೊರಕ್ಕೆ ಸಾಗಿಸಲಾಯಿತು. ಮೈತ್ರಿ ಮತ್ತು ಭಾರತಿ ಎಂಬ ನೆಲೆಗಳನ್ನು ಅಲ್ಲಿ ಹೊಂದಿರುವ ಭಾರತವೂ ಈ ನಿಯಮಗಳಿಗೆ ಬದ್ಧವಾಗಿದ್ದು, 2022ರಲ್ಲಿ ಅದಕ್ಕಾಗಿ ಪ್ರತ್ಯೇಕ ಕಾಯಿದೆ ಮಾಡಿದೆ. ಇದೆಲ್ಲ ಸಾಧ್ಯವಾದದ್ದಕ್ಕೆ ಒಂದು ಮುಖ್ಯ ಕಾರಣವೆಂದರೆ, ಮೊದಲ ಗಣಿ ತೆರೆಯುವ ಮುನ್ನವೇ ನಿಯಮ ಬರೆದದ್ದು. ಲಾಭ ಪಡೆಯುವವರು ಬಂದು ನೆಲೆಯೂರಿದ ಮೇಲೆ ನಿಯಮ ಬರೆಯುವುದು ಎಷ್ಟು ಕಷ್ಟವೆಂಬುದನ್ನು ಅದಿರಿನ ಲಾರಿಗಳನ್ನು ಕಂಡ ಕರ್ನಾಟಕದ ಜನರಿಗೆ ವಿವರಿಸಬೇಕಾಗಿಲ್ಲ.

ಉತ್ತರದಲ್ಲಿಯೂ ಈ ಪಾಠವನ್ನು ಒಮ್ಮೆ ಅನುಸರಿಸಲಾಗಿದೆ. ಹಿಮ ಕರಗಿ ಆರ್ಕ್ಟಿಕ್ ಸಾಗರದ ನಡುಭಾಗ ತೆರೆದುಕೊಳ್ಳುತ್ತಿರುವಾಗ, ಅಲ್ಲಿ ಮೀನುಗಾರಿಕೆ ಹಡಗುಗಳು ನುಗ್ಗುವ ಮೊದಲೇ 2018ರಲ್ಲಿ ಒಂಬತ್ತು ದೇಶಗಳೂ ಐರೋಪ್ಯ ಒಕ್ಕೂಟವೂ ಸೇರಿ ಒಪ್ಪಂದ ಮಾಡಿಕೊಂಡವು. ಸುಮಾರು 28 ಲಕ್ಷ ಚದರ ಕಿಲೋಮೀಟರ್ ಕಡಲಿನಲ್ಲಿ, ಮೊದಲ ಹಂತವಾಗಿ 16 ವರ್ಷ, ಅನಿಯಂತ್ರಿತ ವಾಣಿಜ್ಯ ಮೀನುಗಾರಿಕೆ ನಡೆಯದಂತೆ ಅದು ತಡೆಯುತ್ತದೆ. 2021ರಲ್ಲಿ ಜಾರಿಗೆ ಬಂದ ಈ ಒಪ್ಪಂದದಲ್ಲಿ ವಿಜ್ಞಾನದ ಜತೆಗೆ ಮೂಲನಿವಾಸಿಗಳ ಅರಿವಿಗೂ ಸ್ಥಾನವಿದೆ.

ಸುಸ್ಥಿರ ಅಭಿವೃದ್ಧಿ ಎಂಬ ಪದವನ್ನು ಯಾರು ಬೇಕಾದರೂ ಬಳಸಬಹುದು ಎಂಬ ಎಚ್ಚರವೂ ಅಗತ್ಯ. ನಾರ್ವೆಯ ಫೋಸೆನ್ ಎಂಬಲ್ಲಿ ಸಾಮಿ ಜನರ ಹಿಮಸಾರಂಗಗಳ ಚಳಿಗಾಲದ ಹುಲ್ಲುಗಾವಲಿನಲ್ಲಿ ದೊಡ್ಡ ಗಾಳಿಯಂತ್ರಗಳ ಯೋಜನೆ ತಲೆಯೆತ್ತಿತು. ಹೊಗೆಯಿಲ್ಲದ ವಿದ್ಯುತ್ ಎಂಬ ಕಾರಣಕ್ಕೆ ಅದನ್ನು ಹಸಿರು ಯೋಜನೆ ಎಂದೇ ಕರೆಯಲಾಯಿತು. 2021ರ ಅಕ್ಟೋಬರ್‌ನಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ, ಯೋಜನೆಯ ಅನುಮತಿ ಸಾಮಿಗಳ ಸಾಂಸ್ಕೃತಿಕ ಹಕ್ಕಿನ ಉಲ್ಲಂಘನೆ ಎಂದು ಒಮ್ಮತದಿಂದ ತೀರ್ಪಿತ್ತಿತು. ತೀರ್ಪು ಬಂದು ಐನೂರು ದಿನಗಳಾದರೂ ಯಂತ್ರಗಳು ತಿರುಗುತ್ತಲೇ ಇದ್ದುದರಿಂದ 2023ರಲ್ಲಿ ಸಾಮಿ ಯುವಕ ಯುವತಿಯರು ಓಸ್ಲೋ ನಗರದ ಸರ್ಕಾರಿ ಕಚೇರಿಯಲ್ಲಿ ಧರಣಿ ಕೂತರು. ಬಳಿಕ ಪರಿಹಾರದ ಒಪ್ಪಂದಗಳಾದವು, ಆದರೆ ಯಂತ್ರಗಳು ನಿಲ್ಲಲಿಲ್ಲ. ಜಲವಿದ್ಯುತ್ತಿನ ಹೆಸರಿನಲ್ಲಿ ಮುಳುಗಡೆಯಾದ ಶರಾವತಿ ಕಣಿವೆಯ ಜನರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲ, ಈ ಸಹಕಾರವೆಲ್ಲ ಕಲ್ಲಿನ ಕೋಟೆಯಲ್ಲ. ಆರ್ಕ್ಟಿಕ್ ಮಂಡಳಿ ಒಮ್ಮತದಿಂದ ನಡೆಯುವ ವೇದಿಕೆ. ಶಿಕ್ಷಿಸುವ ಅಧಿಕಾರ ಅದಕ್ಕಿಲ್ಲ. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ಆಕ್ರಮಣ ನಡೆಸಿದಾಗ ಉಳಿದ ಏಳು ದೇಶಗಳು ಮಂಡಳಿಯ ಸಭೆಗಳಿಂದ ಹಿಂದೆ ಸರಿದವು. ಆರ್ಕ್ಟಿಕ್ ಕರಾವಳಿಯ ಸುಮಾರು ಅರ್ಧ ಭಾಗ ರಷ್ಯಾದ್ದು. ಅಲ್ಲಿಯ ಹೆಪ್ಪುಗಟ್ಟಿದ ನೆಲ ಎಷ್ಟು ಕರಗಿತು, ಗಾಳಿಯಲ್ಲಿ ಏನು ಬಂತು ಎಂಬ ಲೆಕ್ಕ ಹೊರಗಿನ ವಿಜ್ಞಾನಿಗಳಿಗೆ ದೊರೆಯುವುದು ಕಠಿಣವಾಯಿತು. ನಂತರದ ವರ್ಷಗಳಲ್ಲಿ ತಾಂತ್ರಿಕ ಮಟ್ಟದ ಕೆಲಸ ಹಂತಹಂತವಾಗಿ ಮತ್ತೆ ಆರಂಭವಾಗಿದ್ದರೂ ಹಳೆಯ ವಿಶ್ವಾಸ ಮರಳಿಲ್ಲ. ಹಿಮ ಮಾತ್ರ ಕಾಯುತ್ತಿಲ್ಲ. 1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. ದಶಕಗಳ ಹಿಂದೆ ಹಿಮದಲ್ಲಿ, ಕಡಲಿನಲ್ಲಿ ಅಡಗಿದ ಹಳೆಯ ವಿಷಗಳು ಬಿಸಿಗೆ ಮತ್ತೆ ಗಾಳಿಗೆ ಏಳುತ್ತಿರುವುದನ್ನೂ ವಿಜ್ಞಾನಿಗಳು ಗುರುತಿಸಿದ್ದಾರೆ.

ಹೀಗಿದ್ದರೂ ಲೆಕ್ಕದ ಪುಸ್ತಕದಲ್ಲಿ ಒಂದು ಒಳ್ಳೆಯ ಸಾಲು ಇದೆ. ನಿಷೇಧಕ್ಕೊಳಗಾದ ಹಳೆಯ ವಿಷಗಳ ಪೈಕಿ ಅನೇಕವು ಆರ್ಕ್ಟಿಕ್‌ನ ಗಾಳಿಯಲ್ಲಿ, ಪ್ರಾಣಿಗಳಲ್ಲಿ, ತಾಯಂದಿರ ರಕ್ತದಲ್ಲಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಿವೆ. ಹೊಸ ರಾಸಾಯನಿಕಗಳು ಅವುಗಳ ಜಾಗಕ್ಕೆ ಬರುತ್ತಿರುವುದೂ ನಿಜ. ಅಂದರೆ ಕೆಲಸ ಮುಗಿದಿಲ್ಲ; ಮಾಡಿದ ಕೆಲಸ ವ್ಯರ್ಥವೂ ಆಗಿಲ್ಲ.

ಹಿಮನಾಡಿನ ಈ ಅನುಭವದಲ್ಲಿ ಮೂರು ಸಂಗತಿಗಳು ಸ್ಪಷ್ಟ. ಅಳೆದು ಬರೆದಿಟ್ಟ ಲೆಕ್ಕವಿಲ್ಲದೆ ಸಂಕಟಕ್ಕೆ ನ್ಯಾಯ ದೊರಕಲಿಲ್ಲ. ಸಂಕಟ ಅನುಭವಿಸುವವರು ಮೇಜಿನಲ್ಲಿ ಕೂರುವವರೆಗೆ ಲೆಕ್ಕಕ್ಕೆ ಬಾಯಿ ಬರಲಿಲ್ಲ. ಲಾಭಕೋರರು ಬರುವ ಮೊದಲೇ ಬರೆದ ನಿಯಮ, ಬಂದ ಮೇಲೆ ಬರೆದ ನಿಯಮಕ್ಕಿಂತ ಗಟ್ಟಿಯಾಗಿ ನಿಂತಿತು. ಇಲ್ಲಿರುವ ವಿದ್ಯಾರ್ಥಿಗಳು ತಮ್ಮ ಊರಿನ ಹಳ್ಳದಲ್ಲಿ ನೀರು ಯಾವ ತಿಂಗಳು ಬತ್ತಿತು, ತೋಟಗಳಿಗೆ ಯಾವ ಔಷಧಿ ಎಷ್ಟು ಸಿಂಪಡಿಸಿದರು, ಮಳೆ ಎಷ್ಟು ಬಿತ್ತು ಎಂದು ಒಂದು ನೋಟ್ ಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿಡಲು ಇಂದೇ ತೊಡಗಬಹುದು. ಹಿರಿಯರು ಗ್ರಾಮಸಭೆಯ ತಮ್ಮ ಜಾಗವನ್ನು ಖಾಲಿ ಬಿಡದಿರಬಹುದು. ಹಡ್ಸನ್ ಕೊಲ್ಲಿಯ ತಾಯಂದಿರು ಕೊಟ್ಟದ್ದು ಸ್ವಲ್ಪ ಹಾಲು ಮಾತ್ರ. ಜಗತ್ತಿನ ಕಾನೂನು ಬದಲಾಗಲು ಮೊದಲಿಗೆ ಬೇಕಾದದ್ದು ಅಷ್ಟೇ ಆಗಿತ್ತು.